ಮುಂದಿನ ಬ್ರೇಕು ಯಾವ ಕೈಗೆ?

“ಎಡಕ್ಕಿದ್ರೇನು, ಬಲಕ್ಕಿದ್ರೇನು? ಹಿಡಿದ್ರೆ ನಿಲ್ಲುತ್ತೆ ತಾನೇ? ಬ್ರೇಕು ಅಂದ್ರೆ ಅಷ್ಟೇ ಕಣಯ್ಯ!”

ಆರೋಗ್ಯ ಕಚೇರಿಯ ಉಗ್ರಾಣದ ಸಾಹೇಬರು ಹೀಗೆ ಗದರುವ ಹೊತ್ತಿಗೆ ಸೂರ್ಯ ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಕಚೇರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಲವತ್ತು ಹೊಸ ಸೈಕಲ್ಲುಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ. ಒಂದರ ಮುಂದೆ ಕುಕ್ಕರಗಾಲಿನಲ್ಲಿ ಕೂತ ರಿಪೇರಿಯವನು ತಲೆ ಎತ್ತುವುದಿಲ್ಲ. ಎಡಗೈಯ ಪಾನಾ ತಿರುಗುತ್ತಲೇ ಇದೆ.

“ನಿಲ್ಲುತ್ತೆ ಸಾರ್, ಸೈಕಲ್ ನಿಲ್ಲುತ್ತೆ. ಮೇಲೆ ಕೂತೋರು ನಿಲ್ಲಲ್ಲ, ಅಷ್ಟೇ.”

ಊರಿಗೆಲ್ಲ ಈತ ಎಡಚಣ್ಣ. ಕಚೇರಿಯ ಗೇಟಿನೆದುರು ಒಂದೂವರೆ ಬಾಗಿಲಿನಷ್ಟು ಅಗಲದ ಅಂಗಡಿ. ಮೂವತ್ತೊಂದು ವರ್ಷದಿಂದ ದಿನಕ್ಕೆ ಎಂಟು-ಹತ್ತು ಸೈಕಲ್ ಇವನ ಕೈ ದಾಟುತ್ತವೆ. ಈ ಶೆಡ್ಡಿನ ಕೆಲಸ ಮಾತ್ರ ಯಾರೂ ಹೇಳಿದ್ದಲ್ಲ. ಕಾವಲುಗಾರನಿಂದ ಕೀಲಿ ಈಸಿಕೊಂಡು ಐದು ದಿನದಿಂದ ನಸುಕಿಗೇ ಬಂದು ಕೂರುತ್ತಿದ್ದಾನೆ.

ಬರುವಂತೆ ಮಾಡಿದ್ದು ಮೂರು ಅಪಘಾತಗಳು. ಮನೆಮನೆಗೆ ಔಷಧಿ ಒಯ್ಯುವ ನಲವತ್ತು ಹೆಂಗಸರಿಗೆ ಕಚೇರಿ ಹೊಸ ಸೈಕಲ್ ಕೊಟ್ಟಿತು. ಹಳೆಯವುಗಳಲ್ಲಿ ಮುಂದಿನ ಚಕ್ರದ ಬ್ರೇಕು ಬಲಗೈಗೆ, ಹಿಂದಿನದು ಎಡಗೈಗೆ ಇತ್ತು. ಹೊಸವು ಪೆಟ್ಟಿಗೆಯಿಂದ ಇಳಿದದ್ದೇ ಅದಲು ಬದಲಾಗಿ. ಯಾರೂ ಹೇಳಲಿಲ್ಲ, ಯಾರೂ ನೋಡಲಿಲ್ಲ. ಮೊದಲ ವಾರದಲ್ಲೇ ಒಬ್ಬಾಕೆಯ ಮಣಿಕಟ್ಟು ಮುರಿಯಿತು, ಇನ್ನೊಬ್ಬಾಕೆಯ ಗದ್ದಕ್ಕೆ ಹೊಲಿಗೆ ಬಿತ್ತು. ಮೂರನೆಯವಳು, ಬೀದಿಯವರೆಲ್ಲ ಮಾತ್ರೆ ಅಕ್ಕ ಎಂದು ಕರೆಯುವವಳು, ಹ್ಯಾಂಡಲ್ ಮೇಲಿಂದ ಹಾರಿ ಬಿದ್ದರೂ ಮಂಡಿ ತರಚಿಕೊಂಡು ಎದ್ದಳು. ಮಾತ್ರೆಗಳೆಲ್ಲ ಮೋರಿಯ ಪಾಲಾದವು.

ಕಚೇರಿ ಮಾಡಿದ್ದೇನು? ಸುತ್ತೋಲೆ ಹೊರಡಿಸಿತು. “ಸವಾರರ ಅಜಾಗರೂಕತೆಯೇ ಕಾರಣ” ಎಂದು ಬರೆದು, ನಲವತ್ತೂ ಜನ ಸೈಕಲ್ ತುಳಿಯುವ ತರಬೇತಿಗೆ ಬರಬೇಕೆಂದಿತು. ಇಪ್ಪತ್ತು ವರ್ಷ ಬಿಸಿಲು ಕೆಸರಿನಲ್ಲಿ ಸೈಕಲ್ ತುಳಿದವರಿಗೆ ತರಬೇತಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

“ಹೆದರಿದಾಗ ಕೈ ತಲೇನ ಕೇಳಲ್ಲ,” ಎನ್ನುತ್ತಾನೆ ಎಡಚಣ್ಣ. “ನಾಯಿ ಅಡ್ಡ ಬಂತು ಅನ್ನಿ, ಯಾವ ಕೈಗೆ ರೂಢಿನೋ ಅದೇ ಬಿಗಿಯಾಗುತ್ತೆ. ಆ ಕೈಗೆ ಹಿಂದಿನ ಬ್ರೇಕ್ ಇರಬೇಕು. ಮುಂದಿನದು ನಿಧಾನ ಗೊತ್ತಿರೋ ಕೈಗೆ. ಇಳಿಜಾರಲ್ಲಿ ಮುಂದಿನದನ್ನ ಗಪ್ಪಂತ ಹಿಡಿದ್ರೆ ಮುಗೀತು, ಪಲ್ಟಿ.”

ಈ ವಿದ್ಯೆ ಅವನಿಗೆ ತಮ್ಮನ ಎರಡು ಹಲ್ಲು ಕೊಟ್ಟು ಬಂದದ್ದು. ಹತ್ತೊಂಬತ್ತರ ಹರೆಯದಲ್ಲಿ ತಮ್ಮನ ಸೈಕಲ್ಲಿಗೆ ಮುಂದಿನ ಬ್ರೇಕನ್ನು ತನ್ನ ಎಡಗೈಯ ಹದಕ್ಕೆ ಕೂರಿಸಿಕೊಟ್ಟಿದ್ದ. ತಮ್ಮ ಇಳಿಜಾರಿನಲ್ಲಿ ರೂಢಿಯಂತೆ ಎಡಗೈ ಬಿಗಿದ. “ನನಗೆ ಸರಿ ಇದ್ದದ್ದು ಅವನಿಗೂ ಸರಿ ಅನ್ಕೊಂಡ್ಬಿಟ್ಟೆ. ಈಗಲೂ ಊಟಕ್ಕೆ ಕೂತಾಗ ಬೊಚ್ಚುಬಾಯಿ ತೋರಿಸಿ, ‘ಅಣ್ಣಾ, ಗುರುದಕ್ಷಿಣೆ ಬಾಕಿ ಇದೆ’ ಅಂತಾನೆ ಪಾಪಿ.”

ಅಂದಿನಿಂದ ಅವನದು ಒಂದೇ ಪದ್ಧತಿ. ಕೇಬಲ್ ಕಟ್ಟದ ಒಂದು ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಸವಾರರನ್ನು ಹತ್ತಿಸಿ, ಕಣ್ಣು ಮುಚ್ಚಿ ತುಳಿಯಲು ಹೇಳುತ್ತಾನೆ. ಹಿಂದಿನಿಂದ ಡಬ್ಬಕ್ಕೆ ಪಾನಾದಿಂದ ಢಣ್ ಎಂದು ಬಡಿದು, ಯಾವ ಕೈ ಮೊದಲು ಬಿಗಿಯಿತೆಂದು ನೋಡುತ್ತಾನೆ. ನಲವತ್ತು ಹೆಂಗಸರಲ್ಲಿ ಮೂವತ್ತೇಳು ಜನ ಬಿಗಿದದ್ದು ಎಡಗೈ. ಉಳಿದ ಮೂವರ ಸೈಕಲ್ಲನ್ನು ಮುಟ್ಟಲಿಲ್ಲ. ಆ ಮೂವತ್ತೇಳಕ್ಕೂ ಎರಡೂ ಕೇಬಲ್ ಹೊರಗೆಳೆದು, ಅದಲು ಬದಲು ಪೋಣಿಸಿ, ಹ್ಯಾಂಡಲ್ ತಿರುಗಿಸಿದಾಗ ಮಡಚಿಕೊಳ್ಳದಂತೆ ಬಾಗು ಕೊಡಬೇಕು. ಒಂದಕ್ಕೆ ಅರ್ಧ ತಾಸು ಹಿಡಿಯುತ್ತದೆ. ಹನ್ನೊಂದು ಮುಗಿದಿವೆ, ಒಂದೊಂದಕ್ಕೂ ಅದನ್ನು ತುಳಿಯುವಾಕೆಯ ಹೆಸರಿನ ಚೀಟಿ ಕಟ್ಟಿದೆ.

ಆ ಹನ್ನೊಂದನ್ನೂ ಮೊದಲಿದ್ದಂತೆ ಮಾಡಬೇಕು ಎಂಬ ಆದೇಶ ಹಿಡಿದೇ ಸಾಹೇಬರು ಇಂದು ಇಷ್ಟು ಬೇಗ ಬಂದಿರುವುದು. ಏಳು ಗಂಟೆಗೆ ಹೆಂಗಸರು ಸೈಕಲ್ ಹತ್ತಬೇಕು.

“ಕಂಪನಿಯೋರು ತಿಳಿದೇ ಮಾಡಿರ್ತಾರಯ್ಯ. ನೀನು ಮುಟ್ಟಿದ್ರೆ ಗ್ಯಾರಂಟಿ ಹೋಗುತ್ತೆ.”

“ಸೈಕಲ್ಲಿಗೆ ಗ್ಯಾರಂಟಿ ಇದೆ, ನಮ್ಮ ಮೂಳೆಗೆ?” ಬಾಗಿಲಲ್ಲಿ ಮಾತ್ರೆ ಅಕ್ಕ. ಹೆಗಲಲ್ಲಿ ಚೀಲ, ಮಂಡಿಗೆ ಪಟ್ಟಿ. “ತರಬೇತಿಗೆ ನೀವೂ ಬನ್ನಿ ಸಾಹೇಬ್ರೆ. ಜೊತೆಗೇ ಬೀಳೋಣ.”

“ನೀನು ಸ್ವಲ್ಪ ಸುಮ್ನಿರಮ್ಮ.”

ಎಡಚಣ್ಣ ಈಗ ಎದ್ದು ನಿಲ್ಲುತ್ತಾನೆ. “ಸಾರ್, ನೀವೂ ಮೊದಲು ಸೈಕಲ್ಲಲ್ಲೇ ಆಫೀಸಿಗೆ ಬರ್ತಿದ್ರಲ್ವಾ? ಒಂದು ನಿಮಿಷ ಇದನ್ನ ಹತ್ತಿ. ಬಿದ್ದರೆ ನನ್ನ ತಲೆ ಮೇಲೆ.”

ಸಾಹೇಬರು ಗೊಣಗುತ್ತಲೇ ಸ್ಟ್ಯಾಂಡ್ ಹಾಕಿದ ಆ ಸೈಕಲ್ ಹತ್ತಿ, ಕಣ್ಣು ಮುಚ್ಚಿ ತುಳಿಯುತ್ತಾರೆ. ಮುಖದಲ್ಲಿ ಯಾವುದೋ ಹಳೆಯ ಬೆಳಗಿನ ಗಾಳಿ ತಾಗಿದಂಥ ಕಳೆ.

ಢಣ್!

ಎಡಗೈ ಬಿಗಿಯುತ್ತದೆ, ಗೆಣ್ಣು ಬೆಳ್ಳಗಾಗುವಷ್ಟು.

“ಇಳಿಜಾರಲ್ಲಿ ಈ ಹೊಸ ಸೈಕಲ್ ಆಗಿದ್ದಿದ್ರೆ ಸಾರ್, ನಿಮ್ಮ ಕನ್ನಡಕ ಈಗ ಮೋರೀಲಿರ್ತಿತ್ತು. ನಿಮ್ಮನ್ನೂ ಅಜಾಗರೂಕರು ಅನ್ನೋಣ್ವಾ?”

ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತಾರೆ. “ಆಯ್ತು, ಮಾಡ್ಕೊ ಹೋಗು. ನಾನು ನೋಡಿಲ್ಲ ಅಂದ್ಕೊ.”

ಇದು ಅಧಿಕಾರದ ಹಳೆಯ ಔದಾರ್ಯ. ಕೆಲಸವೂ ಆಗಬೇಕು, ತಪ್ಪು ಮಾತ್ರ ಬಿದ್ದವರ ಹಣೆಗೇ ಅಂಟಿರಬೇಕು. ಎಡಚಣ್ಣನ ದನಿ ಮೊದಲ ಬಾರಿಗೆ ಏರುತ್ತದೆ.

“ನೋಡಿಲ್ಲ ಅನ್ಬೇಡಿ ಸಾರ್. ಮೂವತ್ತೇಳನ್ನೂ ನಾನೇ ಮುಗಿಸ್ತೀನಿ, ನನ್ನ ಹೆಸರು ಎಲ್ಲೂ ಬೇಡ. ಆ ಸುತ್ತೋಲೇಲಿ ಇವರದ್ದು ತಪ್ಪು ಅಂತ ಬರೆದಿದ್ದೀರಲ್ಲ, ಅದನ್ನ ಹೊಡೆದುಹಾಕಿ. ಒಬ್ಬಾಕೆ ಕೈಗೆ ಪ್ಲಾಸ್ಟರ್ ಹಾಕ್ಕೊಂಡು, ‘ನನಗೆ ಸೈಕಲ್ಲೇ ಬರಲ್ವೇನೋ ಅಣ್ಣಾ’ ಅಂತಾಳೆ. ಇಪ್ಪತ್ತು ವರ್ಷ ತುಳಿದೋಳು!”



ಮಾತ್ರೆ ಅಕ್ಕ ತನ್ನ ಚೀಟಿಯ ಸೈಕಲ್ಲನ್ನು ಎಳೆದುಕೊಂಡು ಹತ್ತುತ್ತಾಳೆ. “ಬರ್ತೀನಣ್ಣ.” ಕಚೇರಿಯ ಗೇಟು ದಾಟಿದರೆ ಬೀದಿ ಜರ್ರೆಂದು ಇಳಿಯುತ್ತದೆ. ಕೆಳಗೆ ಮೂಲೆಯಿಂದ ಹಾಲಿನ ಗಾಡಿಯೊಂದು ಮೂತಿ ಚಾಚುವುದು ಇಲ್ಲಿಂದಲೇ ಕಾಣುತ್ತದೆ. ಕಿರ್‌ರ್ ಎನ್ನುತ್ತದೆ ಬ್ರೇಕು. ಶೆಡ್ಡಿನ ಬಾಗಿಲಲ್ಲಿ ಇಬ್ಬರು ಗಂಡಸರೂ ಉಸಿರು ಹಿಡಿಯುತ್ತಾರೆ.

ಆಮೇಲೆ ಕೆಳಗಿನಿಂದ ಸೈಕಲ್ಲಿನ ಗಂಟೆ. ಟ್ರಿಣ್ ಟ್ರಿಣ್.

ಎಡಚಣ್ಣ ಹನ್ನೆರಡನೆಯ ಸೈಕಲ್ಲಿನ ಮುಂದೆ ಕೂರುತ್ತಾನೆ. ಸಾಹೇಬರು ಜೇಬಿನಿಂದ ಸುತ್ತೋಲೆ ತೆಗೆದು, ಒಂದು ಸೀಟಿನ ಮೇಲೆ ಹರವಿ, ಆ ಸಾಲು ಎಲ್ಲಿದೆಯೆಂದು ಬೆರಳಿಟ್ಟು ಹುಡುಕಿ, ಮತ್ತೆ ಜೇಬು ತಡಕಾಡುತ್ತಾರೆ. ಎಡಚಣ್ಣ ತಿರುಗಿ ನೋಡದೆ, ಕಿವಿಯ ಮೇಲಿನ ಗ್ರೀಸು ಮೆತ್ತಿದ ಪೆನ್ಸಿಲ್ಲನ್ನು ಎಡಗೈಯಲ್ಲೇ ಎತ್ತಿ ಕೊಡುತ್ತಾನೆ.