ಹಂಜಲ್ ಎಂಬ ಕಹಿ ಹೆಸರು

ಅಣ್ಣನಿಗಿಂತ ಮೊದಲು ನಮ್ಮಮ್ಮನಿಗೆ ಇಬ್ಬರು ಗಂಡುಮಕ್ಕಳು ಹುಟ್ಟಿದ್ದರು. ಒಬ್ಬನಿಗೆ ಹುಣ್ಣಿಮೆಯ ಹೆಸರು, ಇನ್ನೊಬ್ಬನಿಗೆ ಸಂತೋಷದ ಹೆಸರು. ಇಬ್ಬರೂ ಹಾಲು ಕುಡಿಯುವ ಪ್ರಾಯದಲ್ಲೇ ಮಣ್ಣು ಸೇರಿದರು. ಮೂರನೆಯವನು ಹುಟ್ಟಿದಾಗ ಅಜ್ಜಿ ಧೀಬಾ ಯಾರನ್ನೂ ಕೇಳಲಿಲ್ಲ. ಗುಡಾರದ ಹೊರಗೆ ಮರಳ ಮೇಲೆ ಹಬ್ಬಿದ್ದ ಕಹಿಕಾಯಿಯ ಬಳ್ಳಿ ಕಂಡು, ಅದರ ಹೆಸರನ್ನೇ ಮಗುವಿಗೆ ಇಟ್ಟಳು: ಹಂಜಲ್.

"ಸಾವು ಬಾಯಿಗೆ ಹಾಕ್ಕೊಂಡ್ರೂ ಥೂ ಅಂತ ಉಗೀಬೇಕು," ಎಂದಳಂತೆ.

ನಮ್ಮಲ್ಲಿ ಇದು ಹಳೆಯ ಪದ್ಧತಿ. ತೋಳ, ಬಂಡೆ, ಮುಳ್ಳು, ಕಹಿಕಾಯಿ, ಇಂಥವೇ ಗಂಡುಮಕ್ಕಳ ಹೆಸರು. ಮಗನ ಹೆಸರು ಇರುವುದು ಹಗೆಯ ಕಿವಿಗೆ, ಕೇಳಿದರೇ ಅವನು ಹಿಂಜರಿಯಬೇಕು ಎನ್ನುತ್ತಾರೆ ಹಿರಿಯರು.

ಅಣ್ಣ ಬದುಕಿದ, ಚೆನ್ನಾಗಿಯೇ ಬೆಳೆದ. ಮಆನ್ ಪಟ್ಟಣದಿಂದ ಮರಳುಗಾಡಿನ ಗುಡಾರಗಳಿಗೆ ಲಾರಿಯಲ್ಲಿ ನೀರು ತರುವುದು ಅವನ ಕೆಲಸ. "ಕಹಿಕಾಯಿ ಬಂದ, ಸಿಹಿನೀರು ಬೇಕಾದೋರು ಬನ್ನಿ!" ಎಂದು ತಾನೇ ಕೂಗುತ್ತಿದ್ದ. ಅವನನ್ನು ಹಂಗಿಸಲು ಬೇರೆಯವರಿಗೆ ಏನೂ ಉಳಿಯುತ್ತಿರಲಿಲ್ಲ.

ನಮ್ಮ ಪಕ್ಕದ ಗುಡಾರದಲ್ಲಿದ್ದ ತನ್ನ ಸೋದರತ್ತೆಯನ್ನು ನೋಡಲು ಬರುತ್ತಿದ್ದ ಮುಜ್ನಾ ಅವನಿಗೆ ಮೆಚ್ಚುಗೆಯಾದಳು, ಅವಳಿಗೂ ಅವನು. ಅವಳ ಅಪ್ಪನಿಗೆ ಮಆನ್‌ನಲ್ಲಿ ಬಟ್ಟೆ ಅಂಗಡಿ. ಹಿರಿಮಗ ಸಾಮಿರ್‌ನಿಂದಾಗಿ ಊರಿಗೆಲ್ಲ ಆತ ಅಬೂ ಸಾಮಿರ್, ಸಾಮಿರ್‌ನ ಅಪ್ಪ. ಅಸಲು ಹೆಸರೇನೆಂದು ನಮಗೆ ಗೊತ್ತಿರಲಿಲ್ಲ.

ನಮ್ಮಪ್ಪ ತೀರಿಕೊಂಡಿದ್ದರಿಂದ ಚಿಕ್ಕಪ್ಪ ಮುತ್ಲಕ್ ಹಿರಿಯರನ್ನೂ ಅಣ್ಣನನ್ನೂ ಕಟ್ಟಿಕೊಂಡು ಅವರ ಮನೆಗೆ ಹೆಣ್ಣು ಕೇಳಲು ಹೋದ. ಅಮ್ಮನೂ ನಾನೂ ಪರದೆಯ ಈಚೆ ಹೆಂಗಸರ ಜೊತೆ ಕೂತೆವು. ಕಾಫಿ ಬಂತು. ಚಿಕ್ಕಪ್ಪ ಬಟ್ಟಲನ್ನು ಮುಟ್ಟದೆ ಮುಂದಿಟ್ಟುಕೊಂಡ. ಹೆಣ್ಣು ಕೊಡುತ್ತೇವೆಂಬ ಮಾತು ಬರುವವರೆಗೆ ಕುಡಿಯುವಂತಿಲ್ಲ.

"ಹುಡುಗ ಬಂಗಾರದಂಥವನು," ಅಂದ ಅಬೂ ಸಾಮಿರ್. "ಹೆಸರೊಂದೇ ಗಂಟಲಲ್ಲಿ ಇಳೀತಿಲ್ಲ. ಕರೆಯೋಲೇಲಿ ಮಗಳ ಪಕ್ಕ ಕಹಿಕಾಯಿ ಅಂತ ಅಚ್ಚು ಹಾಕಿಸ್ಲಾ? ಹೆಸರು ಬದಲಾಯಿಸ್ಲಿ, ಈಗಲೇ ಕಾಫಿ ಕುಡೀರಿ."

"ಅದೇನು ಮಹಾ! ಇವತ್ತಿಂದ ಹಿಲಾಲ್ ಅನ್ನೋಣ, ಬಿದಿಗೆ ಚಂದ್ರ ಅಂತ," ಅಂದ ಚಿಕ್ಕಪ್ಪ.

ಮದುವೆಗಂಡು ಅಲ್ಲಿ ಬಾಯಿ ಬಿಡಬಾರದು. ಅಣ್ಣ ಬಿಟ್ಟ.

"ತಪ್ಪು ತಿಳೀಬೇಡಿ ಚಿಕ್ಕಪ್ಪ. ಈ ಹೆಸರು ನನ್ನನ್ನ ಉಳಿಸ್ತು ಅಂತ ನಂಬಿರೋ ಅಜ್ಜಿ ಮನೇಲಿ ಕೂತಿದಾಳೆ. ಅವಳ ಮುಂದೆ ಹಿಲಾಲ್ ಆಗಿ ಹೋಗಿ ನಿಲ್ಲೋಕೆ ನನ್ನಿಂದಾಗಲ್ಲ. ಮುಜ್ನಾ ಬೇಕು. ಹೆಸರೂ ಬೇಕು."

ಚಿಕ್ಕಪ್ಪ ಏಳಲು ಮಂಡಿಯ ಮೇಲೆ ಕೈಯೂರಿದ್ದು ಪರದೆಯ ಸಂದಿಯಲ್ಲಿ ಕಂಡಿತು. ಅಮ್ಮ ನನ್ನ ಮಣಿಕಟ್ಟನ್ನು ಹಿಂಡಿದಳು. ಮುಜ್ನಾ ತನ್ನ ಅಜ್ಜಿ ವದ್ಹಾಳ ಕಡೆ ಬಾಗಿ, "ಅಜ್ಜಿ, ಏನಾದ್ರೂ ಹೇಳು. ನನಗೆ ಈ ಕಹಿಕಾಯೇ ಬೇಕು," ಎಂದಳು.

ಚಹಾದಲ್ಲಿ ರೊಟ್ಟಿ ಅದ್ದುತ್ತಿದ್ದ ಮುದುಕಿ ಬಾಯಿ ಒರೆಸಿಕೊಂಡು ಪರದೆಯ ಆಚೆಗೆ ಕೂಗಿದಳು.

"ಲೋ ಜರ್ಬೂ!"

ಜರ್ಬೂ ಅಂದರೆ ನಮ್ಮ ಮರಳಿನಲ್ಲಿ ಕುಪ್ಪಳಿಸುವ ಪುಟ್ಟ ಇಲಿ. ಗಂಡಸರು ಮುಖ ಮುಖ ನೋಡಿಕೊಂಡರು. ಅಬೂ ಸಾಮಿರ್ ಮಾತ್ರ ತಲೆ ತಗ್ಗಿಸಿದ.

"ಅಂಗೈಯಷ್ಟಿದ್ದೆ ನೀನು! ಇಲಿ ಥರ ಹೇಗಾದ್ರೂ ಬದುಕ್ಕೊಳ್ಳಲಿ ಅಂತ ಆ ಹೆಸರಿಟ್ಟೆ. ಪಟ್ಟಣಕ್ಕೆ ಬಂದ ಮೇಲೆ ನಾಚಿಕೆಯಾಯ್ತಾ? ಇಲಿಯ ಮಗಳು ಕಹಿಕಾಯಿನ ಕಟ್ಕೊಂಡ್ರೆ ಯಾರ ಮಾನ ಹೋಗುತ್ತೋ?"

ಮೊದಲು ನಕ್ಕವನು ಚಿಕ್ಕಪ್ಪ. ಆಮೇಲೆ ಮನೆಯೇ ನಕ್ಕಿತು. ಅಬೂ ಸಾಮಿರ್ ಕೆಂಪಾಗಿದ್ದ, ಕೊನೆಗೆ ಅವನೂ ತಡೆಯಲಾರದೆ ನಕ್ಕ.

"ಅಮ್ಮಾ, ಬೀದಿಗೆ ಕೇಳೋ ಹಾಗೆ ಕೂಗಬೇಕಿತ್ತಾ! ಕುಡೀರಪ್ಪ, ಕೊಟ್ಟೆ ಹುಡುಗೀನ. ಕಾಫಿ ಆರಿಹೋಗ್ತಿದೆ."

ಕರೆಯೋಲೆಯಲ್ಲಿ ಹಂಜಲ್ ಎಂದೇ ಅಚ್ಚಾಯಿತು, ಅದೂ ದಪ್ಪ ಅಕ್ಷರದಲ್ಲಿ.

ಮರುವರ್ಷ ಗಂಡು ಹುಟ್ಟಿತು. ಆ ವಾರ ಒಳ್ಳೆಯ ಮಳೆ ಬಿದ್ದಿತ್ತು. ಅಣ್ಣ ಮಗನಿಗೆ ಮಳೆಯ ಹೆಸರನ್ನೇ ಇಟ್ಟ: ಗೈಸ್. ಇಷ್ಟು ಮೆತ್ತನೆಯ ಹೆಸರೇ ಎಂದು ಅಮ್ಮ ಹೆದರಿದಳು. ಆದರೆ ಅಜ್ಜಿ ಧೀಬಾ ಮಗುವನ್ನು ಮಡಿಲಿಗೆ ಹಾಕಿಕೊಂಡು, "ಸುಮ್ನಿರೇ, ಇದಕ್ಕೇನು ಭಯ? ಕಾಯೋಕೆ ಅಪ್ಪ ಇದಾನೆ," ಎಂದಳು. ಗೈಸ್ ಈಗ ಶಾಲೆಗೆ ಹೋಗುತ್ತಾನೆ, ದಿನಾ ಬೆಳಗ್ಗೆ ಅಪ್ಪನ ನೀರಿನ ಲಾರಿಯಲ್ಲೇ.