ನಾನು ಹಾಕಿದ ಅಕ್ಕನ ಸಹಿ

ಅಕ್ಕ ಸಹಿ ಹಾಕುವುದು ಕನ್ನಡದಲ್ಲಿ. ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಅಷ್ಟು ವರ್ಷ ಗುಮಾಸ್ತೆಯಾಗಿದ್ದರೂ ಅದನ್ನು ಬದಲಿಸಲಿಲ್ಲ. ಸುತ್ತು ಇಲ್ಲ, ಗೀಟು ಇಲ್ಲ, ಪೂರ್ತಿ ಹೆಸರನ್ನು ಬಿಡಿಬಿಡಿಯಾಗಿ ಬರೆಯುತ್ತಾಳೆ. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಅದಕ್ಕೂ ಮೊದಲು ಕೈ ಹಿಡಿದು ನನಗೆ ಅಕ್ಷರ ತಿದ್ದಿಸಿದವಳು ಅವಳೇ. ಹಾಗಾಗಿ ನಾನು ಬರೆದರೆ ಅಕ್ಕ ಬರೆದ ಹಾಗೆಯೇ ಕಾಣುತ್ತದೆ.

ಆಗ ನಾನು ಸರೋಜಿನಿ ನಗರದ ಅವಳ ಕ್ವಾರ್ಟರ್ಸಿನಲ್ಲಿದ್ದೆ. ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಒಂದು ಭಾನುವಾರ ಮಾರ್ಕೆಟ್ಟಿನ ಬಾಯಲ್ಲಿ ಒಬ್ಬ ಟೈ ಕಟ್ಟಿಕೊಂಡವನು ಮೇಜು ಹಾಕಿ ಕುಳಿತಿದ್ದ. ಕ್ರೆಡಿಟ್ ಕಾರ್ಡಿನ ಅರ್ಜಿ ತುಂಬಿದವರಿಗೆ ಚಕ್ರವಿರುವ ಬ್ಯಾಗು ಪುಕ್ಕಟೆ. ಕಾರ್ಖಾನೆಯ ಹುಡುಗರೆಲ್ಲ ರೈಲಿಗೆ ಅಂಥ ಬ್ಯಾಗನ್ನೇ ಎಳೆದುಕೊಂಡು ಹೋಗುತ್ತಿದ್ದರು. ನನ್ನ ಸಂಬಳ ಸಾಲದು ಎಂದ ಅವನು, “ಮನೇಲಿ ಸರ್ಕಾರಿ ನೌಕರಿಯವರು ಯಾರಾದ್ರೂ ಇದ್ದಾರಾ ಭಯ್ಯಾ?” ಎಂದು ಹಿಂದಿಯಲ್ಲಿ ಕೇಳಿದ. ಅಕ್ಕ ಇದ್ದಾಳೆ ಎಂದೆ. “ಹಾಗಾದ್ರೆ ಅವರ ಹೆಸರಲ್ಲೇ ಆಗ್ಲಿ. ಕಾರ್ಡ್ ಬಂದ್ಮೇಲೆ ಬೇಡ ಅಂದ್ರೆ ಕತ್ತರಿಸಿ ಬಿಸಾಕಿ. ನನ್ನ ಟಾರ್ಗೆಟ್ ಮುಗೀಬೇಕು, ಅಷ್ಟೆ.”

ಅಕ್ಕ ಮನೆಯಲ್ಲಿರಲಿಲ್ಲ. ಅವಳ ಫೈಲಿನಿಂದ ಪ್ಯಾನ್ ಕಾರ್ಡು, ಸಂಬಳದ ಚೀಟಿ ತೆಗೆದು ಜೆರಾಕ್ಸ್ ಮಾಡಿಸಿ ಕೊಟ್ಟೆ. ಅವನು ಬೆರಳಿಟ್ಟ ಕಡೆಯಲ್ಲೆಲ್ಲ ಅಕ್ಕನ ಹೆಸರು ಬರೆದೆ. ವಿಳಾಸದ ಜಾಗ ಖಾಲಿ ಇತ್ತು. ಅದನ್ನು ತಾನೇ ತುಂಬಿಕೊಳ್ಳುತ್ತೇನೆ ಎಂದ. ಬ್ಯಾಗು ಅಗ್ಗಕ್ಕೆ ಸಿಕ್ಕಿತು ಎಂದಾಗ ಅಕ್ಕ, “ಪರವಾಗಿಲ್ವೇ, ಚೌಕಾಸಿ ಮಾಡೋದು ಕಲ್ತಿದ್ದೀಯ,” ಎಂದು ನಕ್ಕಳು. ನಾನೂ ನಕ್ಕೆ.

ಕಾರ್ಡು ನಮ್ಮ ಮನೆಗೆ ಬರಲೇ ಇಲ್ಲ. ಕೆಲವು ತಿಂಗಳಾದ ಮೇಲೆ ಅಕ್ಕನ ಕಚೇರಿಗೆ ವಸೂಲಿಯವರ ಫೋನು ಬರತೊಡಗಿತು. ಟೀವಿ, ಫ್ರಿಜ್ಜು, ಒಡವೆ ಎಲ್ಲ ಅವಳ ಹೆಸರಿನ ಕಾರ್ಡಿನಲ್ಲಿ ಯಾರೋ ಕೊಂಡಿದ್ದರು. ಇಡೀ ಸೆಕ್ಷನ್ನಿಗೆ ಇದ್ದುದು ಒಂದೇ ಫೋನು. ಅಕ್ಕ ಉತ್ತರ ಕೊಡುವಾಗ ಸುತ್ತಲಿನವರು ಬರೆಯುವುದನ್ನು ನಿಲ್ಲಿಸುತ್ತಿದ್ದರಂತೆ.

ಆ ಕಾರ್ಡಿಗೆ ತಾನು ಅರ್ಜಿಯನ್ನೇ ಹಾಕಿಲ್ಲ ಎಂದು ಅವಳು ನೋಟರಿಯ ಹತ್ತಿರ ಅಫಿಡವಿಟ್ ಮಾಡಿಸಿ, ನನ್ನನ್ನೂ ಕರೆದುಕೊಂಡು ಬ್ಯಾಂಕಿನ ಕಾರ್ಡ್ ಆಫೀಸಿಗೆ ಹೋದಳು. ಅಲ್ಲಿನ ಅಧಿಕಾರಿಣಿ ಒರಟಾಗಿ ಮಾತಾಡಲಿಲ್ಲ. ಅರ್ಜಿಯ ಪ್ರತಿ ತೋರಿಸಿ, ಬಿಳಿ ಹಾಳೆಯಲ್ಲಿ ಹತ್ತು ಸಲ ಸಹಿ ಮಾಡಲು ಹೇಳಿದಳು. ಅಕ್ಕ ಮಾಡಿದಳು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ.

“ಮೇಡಂ, ನೀವೇ ಹೇಳಿ,” ಎಂದಳು ಆಕೆ. “ದೆಹಲಿಯಲ್ಲಿ ಈ ಲಿಪಿಯಲ್ಲಿ ನಿಮ್ಮ ಸಹಿ ನಕಲು ಮಾಡೋರು ಯಾರು?”

ಅಕ್ಕ ಅರ್ಜಿಯ ಪ್ರತಿಯೊಂದನ್ನು ಕೇಳಿ ಪಡೆದಳು. ನಾನು ಬಾಯಿ ಬಿಡಲಿಲ್ಲ. ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ, ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ‘ನನ್ನ ತಮ್ಮ ಓದಿದವರಿಗೇನೂ ಕಡಿಮೆ ಇಲ್ಲ’ ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ ಅವಳ ಮುಖವನ್ನು ಆಗ ನೋಡುವ ಧೈರ್ಯ ನನಗಿರಲಿಲ್ಲ.

ಆ ವಾರ ಅವಳು ಅರ್ಜಿಯ ಪ್ರತಿಯನ್ನು ತೆಗೆದು ತೆಗೆದು ನೋಡಿದಳು. ಒಂದು ಸಂಜೆ ಹೇಳಿದಳು: “ಇದು ನನ್ನ ಕೈಬರಹವೇ ಕಣೋ. ಆಫೀಸಲ್ಲಿ ದಿನಾ ಅಷ್ಟೊಂದು ಕಾಗದಕ್ಕೆ ಸಹಿ ಹಾಕ್ತೀನಿ. ಯಾರೋ ಮಧ್ಯೆ ಇಟ್ಟುಕೊಟ್ಟಾಗ ಹಾಕಿಬಿಟ್ಟೆನೇನೋ. ನೆನಪೇ ಆಗ್ತಿಲ್ಲ.”

“ಇರಬಹುದು ಅಕ್ಕ,” ಎಂದೆ.

ಬ್ಯಾಗಿಗೆ ಆಸೆಪಟ್ಟದ್ದನ್ನು ಯಾರ ಮುಂದಾದರೂ ಹೇಳಿಯೇನು. ‘ಇರಬಹುದು’ ಎಂದ ಈ ಮಾತನ್ನು ಅಕ್ಕನ ಹೊರತು ಇಂದಿನವರೆಗೆ ಯಾರಿಗೂ ಹೇಳಿಲ್ಲ.

ಸೆಕ್ಷನ್ನಿನವರೆಲ್ಲರ ಸರ್ವಿಸ್ ಬುಕ್ಕುಗಳು ಅಕ್ಕನ ವಶದಲ್ಲಿದ್ದವು. ಯಾರ ಬಡ್ತಿ, ಯಾರ ರಜ, ಯಾರಿಗೆ ಯಾವಾಗ ನಿವೃತ್ತಿ ಎಂಬುದನ್ನೆಲ್ಲ ಅವಳೇ ಬರೆಯಬೇಕು. ಬೀರುವಿನ ಕೀ ಅವಳ ಸೆರಗಿನಲ್ಲಿರುತ್ತಿತ್ತು. ನಾನು ‘ಇರಬಹುದು’ ಎಂದ ಮರುದಿನ ಅವಳು ಕೀ ಇಲ್ಲದೆ ಮನೆಗೆ ಬಂದಳು.

“ಬಿಟ್ಟುಕೊಟ್ಟೆ,” ಎಂದಳು. “ಮರೆವು ಜಾಸ್ತಿಯಾಗಿದೆ, ಟಪಾಲು ವಿಭಾಗಕ್ಕೆ ಹಾಕಿ ಅಂತ ಬರೆದುಕೊಟ್ಟೆ. ನೋಡದೆ ಸಹಿ ಹಾಕೋಳು ಇನ್ನೊಬ್ಬರ ಪುಸ್ತಕ ಮುಟ್ಟಬಾರದು.”

ಅವಳು ಕೊತ್ತಂಬರಿ ಬಿಡಿಸುತ್ತ ಕುಳಿತಳು. ನಾನು ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದನ್ನೇ.

“ನಿನ್ನೆ ಇರಬಹುದು ಅಂದ್ಯಲ್ಲ, ಆಗ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು.”

ಎದ್ದು ಕೈ ತೊಳೆದು, ಹಾಳೆ ಪೆನ್ನು ತಂದು ನನ್ನ ಮುಂದಿಟ್ಟಳು. “ಬ್ಯಾಂಕಿಗೆ ಬರಿ. ಇಂಗ್ಲಿಷಿಗೆ ನಾನು ಮಾಡ್ತೀನಿ. ಪೊಲೀಸ್ ಕರೆದ್ರೆ ನಾನೂ ಬರ್ತೀನಿ.”

‘ಓದು ಬರಹವಿಲ್ಲದ ನಾನು ತಿಳಿಯದೆ’ ಎಂದು ಶುರು ಮಾಡಿದೆ. ಅವಳು ಅದನ್ನು ಹೊಡೆದು ಹಾಕಿದಳು. “ಓದು ಬರಲ್ಲ ಅನ್ಬೇಡ. ನಿನಗೆ ಬರುತ್ತೆ. ಬ್ಯಾಗಿಗೋಸ್ಕರ ಮಾಡಿದೆ ಅಂತ ಬರಿ.”

ಬರೆದೆ. ಬ್ಯಾಂಕಿನಲ್ಲಿ ಅದೇ ಅಧಿಕಾರಿಣಿ ನನ್ನಿಂದಲೂ ಅಕ್ಕನ ಹೆಸರು ಬರೆಸಿದಳು. ಎರಡು ಹಾಳೆಗಳನ್ನು ಜೋಡಿಸಿ ಬಹಳ ಹೊತ್ತು ನೋಡಿದಳು. ಅರ್ಜಿಯಲ್ಲಿದ್ದ ವಿಳಾಸ ಗಾಜಿಯಾಬಾದ್ ಕಡೆಯ ಒಂದು ಬಾಡಿಗೆ ಕೋಣೆಯದು. ಬ್ಯಾಂಕಿನವರು ವಿಚಾರಿಸಲು ಹೋದಾಗ ಅದಕ್ಕೆ ಬೀಗ ಹಾಕಿತ್ತು, ಟೈ ಕಟ್ಟಿದವನ ಸುಳಿವೇ ಇರಲಿಲ್ಲ. ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಎರಡು ತಿಂಗಳ ನಂತರ, ಆ ಖರೀದಿಗಳು ಅಕ್ಕನ ಹೊಣೆಯಲ್ಲ ಎಂಬ ಕಾಗದ ಬಂತು.

ಅದನ್ನು ಕಚೇರಿಯಲ್ಲಿ ತೋರಿಸಿ ಕೀ ವಾಪಸು ಕೇಳು ಎಂದೆ.

“ಹೇಗೆ ಕೇಳ್ಲಿ? ಮರೆವು ಅಂತ ನಾನೇ ಬರೆದುಕೊಟ್ಟಿದ್ದೀನಿ. ಮರೆವಲ್ಲ ಅಂದ್ರೆ ಮತ್ತೇನು ಅಂತ ಕೇಳ್ತಾರೆ. ನಿನ್ನ ಹೆಸರು ಹೇಳ್ಲಾ?”

ಹೇಳು ಎಂದು ನಾನು ಅನ್ನಬೇಕಿತ್ತು. ಅನ್ನಲಿಲ್ಲ. ಅವಳು ಉಳಿದಷ್ಟು ವರ್ಷವೂ ಟಪಾಲಿನಲ್ಲೇ ಲಕೋಟೆಗಳಿಗೆ ನಂಬರು ಹಾಕಿದಳು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದ ಸಹೋದ್ಯೋಗಿಯೊಬ್ಬ, “ಮೇಡಂಜೀ, ಇದನ್ನು ಇಲ್ಲೇ ಮರೆತು ಹೋಗ್ಬೇಡಿ ಮತ್ತೆ,” ಎಂದ. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ನಾನು ಹಿಂದಿನ ಸಾಲಿನಲ್ಲಿ ಸಮೋಸದ ತಟ್ಟೆ ಹಿಡಿದುಕೊಂಡು ಕುಳಿತಿದ್ದೆ.