ಎದುರು ಮನೆಯ ಸೊಸೆಯ ಮಾತ್ರೆ

ಮೊನ್ನೆ ಮೆಡಿಕಲ್ ಅಂಗಡಿಯವನು ಮಾತ್ರೆಯ ಪಟ್ಟಿಯನ್ನು ಕತ್ತರಿಯಿಂದ ಕರಕ್ಕನೆ ಕತ್ತರಿಸಿದ. ಎಷ್ಟೋ ವರ್ಷಗಳ ಹಿಂದಿನ ಎದುರು ಮನೆಯ ಸೊಸೆ ಕಣ್ಣ ಮುಂದೆ ಬಂದು ನಿಂತಳು...

ಆಗ ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕಾಲೊನಿಯಲ್ಲಿದ್ದೆವು. ನಾನು ಧಾರವಾಡದ ಕಡೆಯವಳು, ಅವಳು ಉಡುಪಿಯ ಕಡೆಯವಳು. ಅವಳಿಗೆ ಫಿಟ್ಸ್ ಇತ್ತು. ತವರಿನವರು ಅದನ್ನು ಮುಚ್ಚಿಟ್ಟು ಮದುವೆ ಮಾಡಿದ್ದರು, ಗಂಡನಿಗೂ ಗೊತ್ತಿರಲಿಲ್ಲ. ಮಾತ್ರೆಗಳು ನನ್ನ ಅವಲಕ್ಕಿ ಡಬ್ಬಿಯಲ್ಲಿರುತ್ತಿದ್ದವು. ದಿನಾ ಬೆಳಿಗ್ಗೆ ಹೆಪ್ಪು ಕೇಳುವ ನೆವದಲ್ಲಿ ಬಂದು, ಒಂದು ನುಂಗಿ ಹೋಗುತ್ತಿದ್ದಳು. “ಇವಳಿಗೆ ಹಾಲಿಗೆ ಹೆಪ್ಪು ಹಾಕ್ಲಿಕ್ಕೂ ಬರುದಿಲ್ಲ ಮಾರಾಯ್ರೆ” ಎಂದು ಅವಳ ಅತ್ತೆ ನನ್ನ ಮುಂದೆ ಗೊಣಗಿದರೆ ನಾವಿಬ್ಬರೂ ನಗು ತಡೆದುಕೊಳ್ಳುತ್ತಿದ್ದೆವು.

ಅವಳು ಬಸುರಿಯಾದಾಗ ಪಕ್ಕದ ಊರು ಕಲ್ಯಾಣದ ಡಾಕ್ಟರಮ್ಮನ ಹತ್ತಿರ ನಾನೇ ಕರೆದೊಯ್ದೆ. “ಈ ಮಾತ್ರೆ ಕೂಸಿಗೆ ಒಳ್ಳೆಯದಲ್ಲ, ಆದರೆ ಹಠಾತ್ತನೆ ಬಿಟ್ಟರೆ ಇಬ್ಬರ ಜೀವಕ್ಕೂ ಅಪಾಯ. ನರದ ಡಾಕ್ಟರಿಗೆ ತೋರಿಸಿ ಬದಲಿಸೋಣ, ಗಂಡನನ್ನು ಕರೆದುಕೊಂಡು ಬಾ” ಎಂದರು ಅವರು. ಇವಳು ಅಳತೊಡಗಿದಳು. ನೀನು ಒಪ್ಪದೆ ನಾನು ಯಾರಿಗೂ ಹೇಳುವುದಿಲ್ಲ ಎಂದು ಅವರು ಮಾತು ಕೊಟ್ಟರು.

ನನ್ನ ಕಿವಿಯಲ್ಲಿ ಉಳಿದದ್ದು ‘ಕೂಸಿಗೆ ಒಳ್ಳೆಯದಲ್ಲ’ ಎಂಬುದಷ್ಟೇ. ಅಯ್ಯೋ, ಡಬ್ಬಿ ನನ್ನದು, ಕೊಡುವ ಕೈ ನನ್ನದು! ಮರುದಿನ ಅವಳು ಬಂದಾಗ ಮುಚ್ಚಳ ತೆಗೆಯದೆ ಡಬ್ಬಿಯನ್ನು ಹಿಂದಕ್ಕೆ ಸರಿಸಿದೆ.

“ಡಾಕ್ಟರು ಬದಲಿ ಮಾಡೂತನಕ ಬಿಟ್ಟುಬಿಡವಾ. ಕೂಸಿಗೆ ಏನರ ಆದ್ರ?”

“ಬಿಟ್ರೆ ಎಂತ ಆಗುದಿಲ್ಲ ಅಲ್ವಾ ಅಕ್ಕ?”

“ಏನೂ ಆಗಂಗಿಲ್ಲ.”

ನನ್ನ ಬಾಯಿಗಿಷ್ಟು ಬೆಂಕಿ ಹಾಕ!

ನಾಲ್ಕನೆಯ ದಿನ ಬಚ್ಚಲಲ್ಲಿ ಬಿದ್ದಳು. ಒಂದು ಫಿಟ್ಸ್ ನಿಲ್ಲುವ ಮೊದಲೇ ಇನ್ನೊಂದು... ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಳು ಎಂದು ಆಸ್ಪತ್ರೆಯಲ್ಲಿ ಕೇಳಿದರು. “ಎಂತದೂ ಇಲ್ಲ” ಎಂದರು ಅತ್ತೆ. ಡಾಕ್ಟರು ಎರಡನೆಯ ಸಲ ಕೇಳಿದಾಗ ನಾನು ಮಾತ್ರೆಯ ಹೆಸರು ಹೇಳಿದೆ. ಎಲ್ಲರೂ ನನ್ನತ್ತ ತಿರುಗಿದರು. ಸಂಜೆಯೊಳಗೆ ಅವಳೂ ಇಲ್ಲ, ಕೂಸೂ ಇಲ್ಲ.

ಆ ಮನೆಯವರು ಈಗ ನವಿ ಮುಂಬೈಯ ಖಾರಘರದಲ್ಲಿದ್ದಾರೆ. ಅತ್ತೆ ಆಗಾಗ ಫೋನ್ ಮಾಡುತ್ತಾರೆ. “ಅವಳ ತಾಯಿಮನೆಯವ್ರು ಹೇಳ್ಲಿಲ್ಲ, ಅವಳೂ ಹೇಳ್ಲಿಲ್ಲ. ನೀವೊಬ್ರಾದ್ರೂ ಸತ್ಯ ಹೇಳಿದ್ರಿ” ಎನ್ನುತ್ತಾರೆ. ಮಾತ್ರೆ ಬಿಡಿಸಿದವಳು ನಾನೇ ಎಂದು ಅವರಿಗೆ ಇನ್ನೂ ಹೇಳಿಲ್ಲ. ಪ್ರತಿ ಸಲವೂ ಹೇಳಿಬಿಡಬೇಕು ಅನ್ನಿಸುತ್ತದೆ. ಹೆದರಿ, “ಊಟ ಆತೇನ್ರಿ?” ಎಂದು ಕೇಳುತ್ತೇನೆ.